ಪ್ರತ್ಯಯದಲ್ಲಿರುವ ಗೌರವ: ಹೊಸಪೇಟೆ–ಹಂಪಿ ಪರಿಸರದ ಸೇವಾ ಕೆಲಸಗಾರರಿಗೆ ಇಂಗ್ಲಿಷ್ ಮಾತುಗಾರಿಕೆಯ ಬೋಧನೆ

ಸಾರಾಂಶ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪರಿಸರದಲ್ಲಿ ವಸತಿಗೃಹ, ಉಪಾಹಾರಗೃಹ, ಸಾರಿಗೆ, ಕರಕುಶಲ ಮಾರಾಟ ಮುಂತಾದ ಸೇವಾ ಕೆಲಸಗಳಲ್ಲಿರುವ ವಯಸ್ಕರಿಗೆ ಇಂಗ್ಲಿಷ್ ಮಾತುಗಾರಿಕೆಯನ್ನು ಕಲಿಸುವಾಗ ಎದುರಾಗುವ ಒಂದು ಮುಖ್ಯ ತೊಡಕನ್ನು ಈ ಲೇಖನ ವಿವರಿಸುತ್ತದೆ. ಈ ಭಾಗದ ಬಹುಭಾಷಿಕರು ನುಡಿಯಿಂದ ನುಡಿಗೆ ಸಾಗುವಾಗ ವಾಕ್ಯದ ಚೌಕಟ್ಟನ್ನು ಉಳಿಸಿಕೊಂಡು ಪದಗಳನ್ನಷ್ಟೇ ಬದಲಿಸಿಕೊಳ್ಳುತ್ತಾರೆ. ಕನ್ನಡ, ತೆಲುಗು, ದಖನಿ ಉರ್ದು, ಮರಾಠಿಗಳ ನಡುವೆ ಸಫಲವಾಗುವ ಈ ಕ್ರಮ ಇಂಗ್ಲಿಷಿನ ಮಟ್ಟಿಗೆ ವಿಫಲವಾಗುತ್ತದೆ. ಆಗ ನಷ್ಟವಾಗುವುದು ವ್ಯಾಕರಣಶುದ್ಧಿಗಿಂತ ಹೆಚ್ಚಾಗಿ ಗೌರವ. ಆದುದರಿಂದ ಬೋಧನೆಯು ಕಾಲಸೂಚಕ ರೂಪಗಳ ಪಟ್ಟಿಯಿಂದಲ್ಲದೆ, ಕಲಿಯುವವರಿಗೆ ಕನ್ನಡದಲ್ಲಿ ಈಗಾಗಲೇ ಇರುವ ವಿನಯದ ತಿಳಿವಳಿಕೆಯಿಂದ ಆರಂಭವಾಗಬೇಕೆಂದು ಲೇಖನ ವಾದಿಸುತ್ತದೆ.

ಮುಖ್ಯ ಪದಗಳು: ಉದ್ಯೋಗ ಸಂಬಂಧಿ ಇಂಗ್ಲಿಷ್, ವಿನಯ, ಭಾಷಾ ಸಂಪರ್ಕ, ವಯಸ್ಕರ ಕಲಿಕೆ, ಪ್ರಾಗ್ಮಾಟಿಕ್ಸ್, ಬಳ್ಳಾರಿ–ವಿಜಯನಗರ ಕನ್ನಡ

1. ಪ್ರಸ್ತಾವನೆ

ಹೊಸಪೇಟೆಯ ಒಂದು ವಸತಿಗೃಹದ ಸ್ವಾಗತ ಮೇಜನ್ನು ಕಲ್ಪಿಸಿಕೊಳ್ಳೋಣ. ಧಾರವಾಡದಿಂದ ಬಂದ ಕುಟುಂಬವೊಂದು ಒಳಗೆ ಕಾಲಿಡುತ್ತದೆ. ಮೇಜಿನ ಹಿಂದಿರುವ ನೌಕರ “ಹೇಳ್ರೀ ಸರ್, ಏನು ಬೇಕಾಗಿತ್ತು?” ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಅನಂತರ ವಿದೇಶಿ ಪ್ರವಾಸಿಯೊಬ್ಬರು ಬರುತ್ತಾರೆ. ಅದೇ ನೌಕರ, ಅದೇ ಮುಗುಳುನಗೆಯೊಡನೆ, “ಟೆಲ್ ಸರ್, ವಾಟ್ ಯು ವಾಂಟ್?” ಎನ್ನುತ್ತಾನೆ. ಮೊದಲನೆಯದು ಸ್ವಾಗತ. ಎರಡನೆಯದು ಕೇಳುವವರ ಕಿವಿಯಲ್ಲಿ ವಿಚಾರಣೆಯಾಗಿ ಪರಿಣಮಿಸುತ್ತದೆ.

ಇಲ್ಲಿ ತಪ್ಪೇನು ಎಂದು ಕೇಳಿದರೆ, ಸಾಂಪ್ರದಾಯಿಕ ಬೋಧಕರು ‘ಡು’ ಎಂಬ ಸಹಾಯಕ ಕ್ರಿಯಾಪದ ಬಿಟ್ಟುಹೋಗಿದೆ ಎಂದಾರು. ಅದನ್ನು ಸೇರಿಸಿ ನೋಡೋಣ: “ವಾಟ್ ಡು ಯು ವಾಂಟ್?” ವಾಕ್ಯ ಈಗ ವ್ಯಾಕರಣಬದ್ಧವಾಗಿದೆ, ಆದರೆ ಒರಟುತನ ಕಡಿಮೆಯಾಗುವ ಬದಲು ಹೆಚ್ಚಿದೆ. ಸಹಾಯಕ ಕ್ರಿಯಾಪದವಿಲ್ಲದ ವಾಕ್ಯವನ್ನು ಆಡಿದವನು ಇಂಗ್ಲಿಷ್ ಸರಿಯಾಗಿ ಬಾರದವನೆಂದು ಕೇಳುಗರು ರಿಯಾಯಿತಿ ತೋರಬಹುದು. ಶುದ್ಧವಾದ ವಾಕ್ಯವನ್ನು ಆಡಿದವನಿಗೆ ಆ ರಿಯಾಯಿತಿಯೂ ದೊರೆಯುವುದಿಲ್ಲ. ಅವನು ಬೇಕೆಂದೇ ಹಾಗೆ ಮಾತನಾಡಿದನೆಂದು ಭಾವಿಸಲಾಗುತ್ತದೆ. ಜೆನ್ನಿ ಥಾಮಸ್ (1983) ಬಹಳ ಹಿಂದೆಯೇ ತೋರಿಸಿದ ಸಂಗತಿ ಇದು: ವ್ಯಾಕರಣದ ತಪ್ಪನ್ನು ಕೇಳುಗರು ಭಾಷೆಯ ಲೆಕ್ಕಕ್ಕೆ ಬರೆಯುತ್ತಾರೆ, ಬಳಕೆಯ ತಪ್ಪನ್ನು ಆಡುವವರ ಸ್ವಭಾವದ ಲೆಕ್ಕಕ್ಕೆ ಬರೆಯುತ್ತಾರೆ.

ಸೇವಾ ಕೆಲಸದಲ್ಲಿ ಈ ಲೆಕ್ಕ ಕೇವಲ ತಾತ್ತ್ವಿಕವಲ್ಲ. ಅತಿಥಿಗಳ ದೂರು, ಅಂತರ್ಜಾಲದಲ್ಲಿನ ವಿಮರ್ಶೆ, ಮಾಲೀಕರ ಅಭಿಪ್ರಾಯ, ಬಡ್ತಿ ಎಲ್ಲವೂ ಅದರ ಮೇಲೆ ನಿಂತಿವೆ. ತನ್ನ ನುಡಿಯಲ್ಲಿ ಅತ್ಯಂತ ಮರ್ಯಾದಸ್ಥನಾದ ವ್ಯಕ್ತಿ ಇನ್ನೊಂದು ನುಡಿಯಲ್ಲಿ ಮರ್ಯಾದೆ ತಿಳಿಯದವನಾಗಿ ಕಾಣಿಸಿಕೊಳ್ಳುತ್ತಾನೆ. ಇದಕ್ಕೆ ಕಾರಣವೇನು, ಬೋಧನೆಯಲ್ಲಿ ಇದನ್ನು ಹೇಗೆ ಎದುರಿಸಬಹುದು ಎಂಬುದು ಈ ಲೇಖನದ ವಿಷಯ. ಇಲ್ಲಿನ ಉದಾಹರಣೆಗಳು ವಿವರಣೆಗಾಗಿ ರಚಿಸಿಕೊಂಡವು. ಅವನ್ನು ಸಂಗ್ರಹಿತ ದತ್ತಾಂಶವೆಂದು ಭಾವಿಸಬಾರದು.

2. ನಾಲ್ಕು ಊರುಗಳ ಭಾಷಿಕ ಪರಿಸರ

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೇಂದ್ರ ಹೊಸಪೇಟೆ. ಹಂಪಿ ಇದೇ ಜಿಲ್ಲೆಗೆ ಸೇರಿದೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿವೆ. ಆಡಳಿತದ ಗೆರೆ ಹೀಗೆ ಹಾದುಹೋದರೂ ದುಡಿಮೆಯ ದೃಷ್ಟಿಯಿಂದ ಈ ನಾಲ್ಕೂ ಒಂದೇ ವಲಯ. 1986ರಲ್ಲಿ ಹಂಪಿಯ ಸ್ಮಾರಕ ಸಮುಚ್ಚಯ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ಹೆಚ್ಚಿನವರು ಹೊಸಪೇಟೆಯ ರೈಲು ಮತ್ತು ಬಸ್ ನಿಲ್ದಾಣಗಳ ಮೂಲಕವೇ ಬರುತ್ತಾರೆ. ಸಂಡೂರು ತಾಲ್ಲೂಕಿನ ಗಣಿಗಳು ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಹೊರರಾಜ್ಯಗಳ ತಂತ್ರಜ್ಞರಿಗಾಗಿ ಅತಿಥಿಗೃಹಗಳು, ಊಟದ ಮನೆಗಳು ಬೆಳೆದಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಜಿ–20ರ ಸಂಸ್ಕೃತಿ ಕಾರ್ಯಗುಂಪಿನ ಸಭೆ ಹಂಪಿಯಲ್ಲಿ ನಡೆದಾಗ ಆ ಕಸೂತಿ ಜಾಗತಿಕ ಪ್ರತಿನಿಧಿಗಳ ಮುಂದೆ ಪ್ರದರ್ಶಿತವಾಯಿತು. ಕಂಪ್ಲಿ ಮುಖ್ಯವಾಗಿ ಭತ್ತ ಬೆಳೆಯುವ, ವ್ಯಾಪಾರ ನಡೆಸುವ ಪಟ್ಟಣ. ಅಲ್ಲಿನವರಿಗೆ ಸೇವಾ ವಲಯದ ಕೆಲಸವೆಂದರೆ ಹಲವೊಮ್ಮೆ ಹೊಸಪೇಟೆಯ ದಾರಿ.

ಭಾಷೆಯ ಮಟ್ಟಿಗೆ ಈ ವಲಯ ಎಂದೂ ಏಕಭಾಷಿಕವಾಗಿರಲಿಲ್ಲ. ಹೊಸಪೇಟೆ ಮತ್ತು ಕಂಪ್ಲಿಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿದ್ದು ತೆಲುಗಿನೊಡನೆ ನಿಕಟ ಸಂಬಂಧ ಇಟ್ಟುಕೊಂಡಿದ್ದವು. ಸಂಡೂರು ಮರಾಠಾ ಮೂಲದ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಪಟ್ಟಣಗಳ ಮುಸ್ಲಿಮರ ಮನೆಮಾತು ದಖನಿ ಉರ್ದು, ತಾಂಡಾಗಳ ಮಾತು ಲಂಬಾಣಿ. ಆಟೋ ಓಡಿಸುವವರಾಗಲಿ ಹಣ್ಣು ಮಾರುವವರಾಗಲಿ ದಿನದಲ್ಲಿ ಮೂರು ನಾಲ್ಕು ನುಡಿಗಳಲ್ಲಿ ವ್ಯವಹರಿಸುವುದು ಇಲ್ಲಿ ಅಸಾಮಾನ್ಯವಲ್ಲ. ಅಂದರೆ ಇಂಗ್ಲಿಷ್ ತರಗತಿಗೆ ಬರುವವರು ಭಾಷೆ ಕಲಿಯುವುದರಲ್ಲಿ ಹೊಸಬರಲ್ಲ. ಶಾಲೆಯ ಹೊರಗೆ, ಪಠ್ಯದ ನೆರವಿಲ್ಲದೆ, ಎರಡು ಮೂರು ಭಾಷೆಗಳನ್ನು ಈಗಾಗಲೇ ದಕ್ಕಿಸಿಕೊಂಡವರು. ಹಾಗಾದರೆ ಅವರು ಅವನ್ನು ಕಲಿತದ್ದು ಹೇಗೆ?

3. ಪದ ಬದಲಿಸು, ಚೌಕಟ್ಟು ಉಳಿಸು

ಈ ಪ್ರಶ್ನೆಗೆ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದ ಉತ್ತರವೊಂದಿದೆ, ಮತ್ತು ಅದು ಕನ್ನಡದ ಗಡಿಯಲ್ಲಿಯೇ ಹುಟ್ಟಿದ್ದು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ (1971) ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ, ಕುಪ್ವಾರ್ ಎಂಬ ಹೆಸರಿನಿಂದ ಅವರು ಕರೆದ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳ ಸಹಬಾಳ್ವೆಯನ್ನು ಅಧ್ಯಯನ ಮಾಡಿದರು. ಅಲ್ಲಿನ ಸಮುದಾಯಗಳು ತಂತಮ್ಮ ಮನೆಮಾತಿನ ಪದಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ಶತಮಾನಗಳ ಒಡನಾಟದಿಂದ ಆ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿತ್ತು. ಒಂದರ ವಾಕ್ಯವನ್ನು ಆಕೃತಿಮಾಕ್ಕೆ ಆಕೃತಿಮಾ ಎಂಬಂತೆ ಇನ್ನೊಂದಕ್ಕೆ ಪಲ್ಲಟಿಸಲು ಸಾಧ್ಯವಾಗುತ್ತಿತ್ತು.

ಹೊಸಪೇಟೆಯ ಮಾತನ್ನು ಕುಪ್ವಾರಿನ ಪ್ರತಿರೂಪವೆಂದು ಹೇಳಲು ಪ್ರತ್ಯೇಕ ಅಧ್ಯಯನ ಬೇಕು. ಆದರೆ ಅಂತಹ ಪಲ್ಲಟಕ್ಕೆ ಈ ಭಾಷೆಗಳು ಎಷ್ಟು ಅನುಕೂಲಕರವೆಂಬುದನ್ನು ಸೇವಾ ಕೆಲಸದ ಅತಿ ಸಾಮಾನ್ಯ ವಾಕ್ಯವೊಂದರಲ್ಲೇ ಕಾಣಬಹುದು:

(1) ಕನ್ನಡ: ನಿಮಗೆ ಏನು ಬೇಕು?
(2) ತೆಲುಗು: ಮೀಕು ಏಮಿ ಕಾವಾಲಿ?
(3) ದಖನಿ: ಆಪ್‌ಕು ಕ್ಯಾ ಹೋನಾ?
(4) ಮರಾಠಿ: ತುಮ್ಹಾಲಾ ಕಾಯ್ ಪಾಹಿಜೆ?

ನಾಲ್ಕರಲ್ಲೂ ಮೂರು ಸ್ಥಾನಗಳಿವೆ: ಗೌರವಸೂಚಕ ಮಧ್ಯಮಪುರುಷ ಸರ್ವನಾಮಕ್ಕೆ ಚತುರ್ಥಿ ವಿಭಕ್ತಿ ಸೇರಿದ ರೂಪ, ಪ್ರಶ್ನಾರ್ಥಕ ಪದ, ಅಗತ್ಯವನ್ನು ಸೂಚಿಸುವ ಪದ. ಒಂದನ್ನು ಬಲ್ಲವರು ಇನ್ನೊಂದಕ್ಕೆ ಹೋಗಲು ಮೂರು ಪದಗಳನ್ನು ಕಲಿತರೆ ಸಾಕು. ಬೇಡವೆನ್ನುವಲ್ಲಿಯೂ ಹೀಗೆಯೇ: ಕನ್ನಡದ ‘ಬೇಡ’, ತೆಲುಗಿನ ‘ವದ್ದು’, ದಖನಿಯ ‘ನಕ್ಕೋ’, ಮರಾಠಿಯ ‘ನಕೋ’ ಒಂದೇ ಸ್ಥಾನದಲ್ಲಿ ಒಂದೇ ಕೆಲಸ ಮಾಡುತ್ತವೆ. ಆಜ್ಞಾರ್ಥದಲ್ಲಿ ಕನ್ನಡದ ‘ಕೂತ್ಕೊಳ್ಳಿ’, ತೆಲುಗಿನ ‘ಕೂರ್ಚೋಂಡಿ’, ಮರಾಠಿಯ ‘ಬಸಾ’ ಎಲ್ಲವೂ ಗೌರವವನ್ನು ಕ್ರಿಯಾಪದದ ತುದಿಯಲ್ಲಿಯೇ ಹೊತ್ತಿವೆ.

ಇಲ್ಲಿ ಮುಖ್ಯವಾದುದು ಇಷ್ಟು. ಈ ಪಲ್ಲಟದಲ್ಲಿ ವಾಕ್ಯದ ಅರ್ಥದೊಡನೆ ವಿನಯವೂ ತಾನಾಗಿಯೇ ಸಾಗಿಬರುತ್ತದೆ. ಎಲ್ಲ ಭಾಷೆಗಳೂ ಗೌರವವನ್ನು ಇಡುವುದು ಒಂದೇ ಜಾಗದಲ್ಲಿ, ಅಂದರೆ ಸರ್ವನಾಮ ಮತ್ತು ಕ್ರಿಯಾಪದದ ರೂಪದಲ್ಲಿ. ಆದ್ದರಿಂದ ಬಹುಭಾಷಿಕರು ವಿನಯವನ್ನು ಬೇರೆಯಾಗಿ ಕಲಿಯಬೇಕಾದ ಸಂದರ್ಭವೇ ಬಂದಿಲ್ಲ. ಅದೇ ನಂಬಿಕೆಯಿಂದ, ಅದೇ ಯಶಸ್ವೀ ಕ್ರಮದಿಂದ ಅವರು ಇಂಗ್ಲಿಷಿಗೆ ಹೋಗುತ್ತಾರೆ. ‘ವಾಟ್ ಯು ವಾಂಟ್’ ಎಂಬುದು ಅಜ್ಞಾನದ ಫಲವಲ್ಲ. ಜೀವನವಿಡೀ ಕೈಕೊಡದ ವಿಧಾನವೊಂದರ ಮುಂದುವರಿಕೆ. (1)ರಿಂದ (4)ರವರೆಗಿನ ಸಾಲಿಗೆ ಅದನ್ನು ಐದನೆಯದಾಗಿ ಸೇರಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

4. ಇಂಗ್ಲಿಷ್ ಗೌರವವನ್ನು ಎಲ್ಲಿ ಇಡುತ್ತದೆ?

4.1 ನೀನು, ನೀವು, ‘ಯು’

‘ನಿನಗೆ’ ಮತ್ತು ‘ನಿಮಗೆ’ ಎಂಬ ಭೇದ ಇಂಗ್ಲಿಷಿನ ‘ಯು’ವಿನಲ್ಲಿ ಇಲ್ಲ. ಇದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ನಷ್ಟ ವಿಭಕ್ತಿಯದು. ‘ನಿಮಗೆ ಬೇಕು’ ಎಂಬಲ್ಲಿ ವ್ಯಕ್ತಿ ಕರ್ತೃವಲ್ಲ; ಅಗತ್ಯ ಅವರ ಬಳಿಗೆ ಬಂದು ಸೇರುತ್ತದೆ. ‘ಯು ವಾಂಟ್’ ಎಂಬಲ್ಲಿ ವ್ಯಕ್ತಿಯೇ ಬಯಸುವ ಕರ್ತೃ. ಕೇಳುಗರ ಬಯಕೆಯನ್ನು ನೇರವಾಗಿ ಕೆದಕುವಂತಹ ಧ್ವನಿ ಅಲ್ಲಿಂದ ಹುಟ್ಟುತ್ತದೆ. ಬ್ರೌನ್ ಮತ್ತು ಲೆವಿನ್ಸನ್ (1987) ವಿನಯದ ಬಗ್ಗೆ ಸಾರ್ವತ್ರಿಕ ಸಿದ್ಧಾಂತವನ್ನು ಕಟ್ಟುವಾಗ ಇಂಗ್ಲಿಷ್ ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಜೊತೆಗೆ ತಮಿಳನ್ನೂ ಆಧಾರವಾಗಿ ಬಳಸಿಕೊಂಡರು. ವಿನಯದ ತಂತ್ರಗಳು ಎಲ್ಲ ಭಾಷೆಗಳಲ್ಲಿಯೂ ಇವೆ, ಆದರೆ ಅವನ್ನು ಹೊರುವ ವ್ಯಾಕರಣದ ಅಂಗಗಳು ಬೇರೆ ಬೇರೆ ಎಂಬ ಅವರ ಒಳನೋಟ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಇಂಗ್ಲಿಷ್ ಈ ಹೊರೆಯನ್ನು ಮುಖ್ಯವಾಗಿ ‘ವುಡ್’, ‘ಕುಡ್’ಗಳಂತಹ ಸಹಾಯಕ ಕ್ರಿಯಾಪದಗಳ ಮೇಲೆ ಹೊರಿಸುತ್ತದೆ. ಇವು ರೂಪದಲ್ಲಿ ಭೂತಕಾಲಕ್ಕೆ ಸೇರಿದವು. ಕಾಲದ ದೂರವನ್ನು ಇಂಗ್ಲಿಷ್ ಸಾಮಾಜಿಕ ದೂರವನ್ನಾಗಿ ಬಳಸಿಕೊಳ್ಳುತ್ತದೆ. ಇದು ಕನ್ನಡಿಗರಿಗೆ ಅಪರಿಚಿತವೆಂದು ಬೋಧಕರು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಅದು ನಿಜವಲ್ಲ. “ನಿಮ್ಮಿಂದ ಒಂದು ಸಹಾಯ ಆಗಬೇಕಿತ್ತು”, “ಒಂದು ಮಾತು ಕೇಳಬೇಕಿತ್ತು”, “ತಾವು ಯಾರಂತ ಗೊತ್ತಾಗಲಿಲ್ಲ” ಎಂಬ ದಿನಬಳಕೆಯ ಮಾತುಗಳಲ್ಲಿ ಸಹಾಯ ಬೇಕಾಗಿರುವುದು ಈಗ, ಕೇಳಬೇಕಾಗಿರುವುದು ಈಗ, ತಿಳಿಯಬೇಕಾಗಿರುವುದೂ ಈಗ. ಆದರೂ ಕ್ರಿಯಾಪದ ಭೂತಕಾಲದಲ್ಲಿದೆ. ಈ ಲೇಖನದ ಆರಂಭದ “ಏನು ಬೇಕಾಗಿತ್ತು?” ಎಂಬುದೂ ಇದೇ ಜಾತಿಗೆ ಸೇರಿದ್ದು. ನೌಕರ ಅದನ್ನು ಇಂಗ್ಲಿಷಿಗೆ ಒಯ್ಯುವಾಗ ‘ಇತ್ತು’ ಎಂಬ ಭಾಗವನ್ನೇ ದಾರಿಯಲ್ಲಿ ಕೈಬಿಟ್ಟಿದ್ದಾನೆ. ‘ಬೇಕು’ ಮತ್ತು ‘ಬೇಕಾಗಿತ್ತು’ಗಳ ನಡುವಿನ ಅಂತರವೇ ‘ಡು ಯು ವಾಂಟ್’ ಮತ್ತು ‘ವುಡ್ ಯು ಲೈಕ್’ಗಳ ನಡುವಿನ ಅಂತರ ಎಂದು ತೋರಿಸಿದರೆ, ಪುಟಗಟ್ಟಲೆ ವ್ಯಾಕರಣ ವಿವರಣೆಯ ಅಗತ್ಯ ಉಳಿಯುವುದಿಲ್ಲ.

4.2 ‘ರೀ’, ‘ಸ್ವಲ್ಪ’, ‘ಸರ್’

ಬಳ್ಳಾರಿ–ಹೊಸಪೇಟೆ ಕಡೆಯ ಆಡುಮಾತಿನಲ್ಲಿ ‘ರೀ’ ಎಂಬುದು ಕ್ರಿಯಾಪದಕ್ಕಷ್ಟೇ ಸೀಮಿತವಲ್ಲ. ಬರ್ರಿ, ಹೌದ್ರೀ, ಇಲ್ರೀ, ಯಾಕ್ರೀ ಎಂದು ಅದು ಹೆಚ್ಚುಕಡಿಮೆ ಯಾವ ಪದಕ್ಕಾದರೂ ಅಂಟಬಲ್ಲದು. ನಿರಾಕರಣೆಯನ್ನೂ ಅದು ಮೃದುಗೊಳಿಸುತ್ತದೆ: ‘ಇಲ್ಲ’ ಬಾಗಿಲು ಮುಚ್ಚುತ್ತದೆ, ‘ಇಲ್ರೀ’ ಬಾಗಿಲ ಬಳಿ ನಿಂತು ಮಾತನಾಡುತ್ತದೆ. ಇಂಗ್ಲಿಷಿನ ‘ನೋ’ಗೆ ಅಂಟಿಸಲು ಅಂತಹದ್ದಾವುದೂ ಇಲ್ಲದಿರುವುದರಿಂದ ಕಲಿಯುವವರು ‘ಸರ್’, ‘ಮೇಡಂ’ಗಳನ್ನು ಆ ಸ್ಥಾನಕ್ಕೆ ತರುತ್ತಾರೆ: ನೋ ಸರ್, ಕಮ್ ಸರ್, ಸಿಟ್ ಮೇಡಂ. ಇದು ಜಾಣ್ಮೆಯ ಹೊಂದಾಣಿಕೆ. ಭಾರತೀಯ ಕೇಳುಗರು ಇದನ್ನು ಸರಿಯಾಗಿಯೇ ಗ್ರಹಿಸುತ್ತಾರೆ. ಆದರೆ ಬರಿಯ ‘ಸಿಟ್’ ಎಂಬ ಆಜ್ಞೆಯನ್ನು ‘ಮೇಡಂ’ ಎಂಬ ಸಂಬೋಧನೆ ಮೃದುಗೊಳಿಸುತ್ತದೆಂದು ಇತರ ಕೇಳುಗರು ಭಾವಿಸುವ ಖಾತರಿಯಿಲ್ಲ.

ಇನ್ನೊಂದು ಪದ ‘ಸ್ವಲ್ಪ’. “ಸ್ವಲ್ಪ ಈ ಕಡೆ ಬರ್ರಿ” ಎಂಬಲ್ಲಿ ಅದು ಪರಿಮಾಣವನ್ನು ಹೇಳುವುದಿಲ್ಲ; ಕೋರಿಕೆಯ ಭಾರವನ್ನು ತಗ್ಗಿಸುತ್ತದೆ. “ಲಿಟಲ್ ಕಮ್ ದಿಸ್ ಸೈಡ್” ಎಂಬುದು ಅದರ ಅಕ್ಷರಶಃ ಪಲ್ಲಟ. ‘ಪ್ಲೀಸ್’ ಎಂದು ಸೇರಿಸಿಬಿಡಿ ಎಂಬ ಸುಲಭ ಸಲಹೆ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ‘ಪ್ಲೀಸ್’ಗೆ ಸಮವೆಂದು ಹೇಳಿಕೊಡುವ ‘ದಯವಿಟ್ಟು’ ಸೂಚನಾಫಲಕ ಮತ್ತು ಪ್ರಕಟಣೆಗಳ ಮಾತು. ಎದುರುಬದುರಿನ ಮಾತಿನಲ್ಲಿ ಅದನ್ನು ಬಳಸುವವರು ಕಡಿಮೆ. ಆದುದರಿಂದ ಆ ಸಮೀಕರಣ ಕಲಿಯುವವರ ಅನುಭವಕ್ಕೆ ತಾಕುವುದಿಲ್ಲ. “ಸ್ವಲ್ಪ ಪಾಸ್‌ಪೋರ್ಟ್ ಕೊಡ್ತೀರಾ?” ಎಂಬುದನ್ನು “ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?” ಎಂಬುದಕ್ಕೆ ಇಡಿಯಾಗಿ ಜೋಡಿಸಿದಾಗ ‘ಸ್ವಲ್ಪ’ ಮತ್ತು ಪ್ರಶ್ನಾರೂಪಗಳು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಯಾವುದು ಮಾಡುತ್ತಿದೆ ಎಂಬುದು ಕಾಣುತ್ತದೆ.

4.3 ತಡೆಯುವ ಮಾತು

ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತಟ್ಟುವುದಕ್ಕೆ ಪ್ರವಾಸಿಗರಿಗೆ ಅನುಮತಿಯಿಲ್ಲ. ಅಲ್ಲಿನ ಕಾವಲುಗಾರ ಯಾರನ್ನಾದರೂ ತಡೆಯಬೇಕಾದಾಗ ಕನ್ನಡದಲ್ಲಿ “ಮುಟ್ಟಂಗಿಲ್ರೀ” ಅಥವಾ “ಮುಟ್ಟಬಾರದು ಸರ್” ಎನ್ನುತ್ತಾನೆ. ಎರಡೂ ರೂಪಗಳಲ್ಲಿ ಮಧ್ಯಮಪುರುಷವಿಲ್ಲ. ತಡೆಯುತ್ತಿರುವುದು ಆಡುತ್ತಿರುವವನಲ್ಲ, ನಿಯಮ. ಅದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ಬಾಯಿಗೆ ಬರುವುದು “ಡೋಂಟ್ ಟಚ್!” ಎಂಬ ನೇರ ಆಜ್ಞೆ. ಕನ್ನಡದ ನಿಷೇಧಾರ್ಥ ರೂಪಗಳಾದ ಬೇಡ, ಬಾರದು, ಕೂಡದು, ಆಗಲ್ಲ, ಅಂಗಿಲ್ಲ ಎಂಬ ವೈವಿಧ್ಯವೆಲ್ಲ ‘ಡೋಂಟ್’ ಮತ್ತು ‘ನೋ’ಗಳಲ್ಲಿ ಕುಗ್ಗಿಹೋಗುತ್ತದೆ.

ಇದಕ್ಕೆ ಪರಿಹಾರ ‘ಹೆಚ್ಚು ವಿನಯದಿಂದ ಮಾತಾಡಿ’ ಎಂಬ ಉಪದೇಶವಲ್ಲ. ‘ಅಂಗಿಲ್ಲ’ ಎಂಬುದರ ಅಕರ್ತೃಕ ಗುಣಕ್ಕೆ ಇಂಗ್ಲಿಷಿನಲ್ಲಿ ಸಮಾನವಾದ ರೂಪವಿದೆ: “ಸಾರಿ, ಟಚಿಂಗ್ ಈಸ್ ನಾಟ್ ಅಲೌಡ್.” ಕರ್ಮಣಿ ಪ್ರಯೋಗವನ್ನು ಶಾಲೆಯಲ್ಲಿ ಯಾಂತ್ರಿಕ ಪರಿವರ್ತನೆಯಾಗಿ ಕಲಿತು ಮರೆತವರಿಗೆ, ಅದು ಇರುವುದೇ ‘ಅಂಗಿಲ್ಲ’ ಎನ್ನುವುದಕ್ಕೆ ಎಂದು ತಿಳಿದಾಗ ಅದರ ಉಪಯೋಗ ಮನವರಿಕೆಯಾಗುತ್ತದೆ.

4.4 ಹೌದು ಮತ್ತು ‘ಯೆಸ್’

ನಿಷೇಧಾರ್ಥಕ ಪ್ರಶ್ನೆಗೆ ಉತ್ತರಿಸುವ ಕ್ರಮವೂ ಬೇರೆ. “ನಾಳೆ ಅಂಗಡಿ ತೆಗೆಯಲ್ವಾ?” ಎಂದರೆ ಕನ್ನಡಿಗರು “ಹೌದ್ರೀ, ತೆಗೆಯಲ್ಲ” ಎನ್ನಬಹುದು. ‘ಹೌದು’ ಎಂಬುದು ಪ್ರಶ್ನೆಯಲ್ಲಿನ ಊಹೆಯನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’ಗಳು ಊಹೆಗಲ್ಲ, ಉತ್ತರವಾಕ್ಯದ ಗುಣಕ್ಕೆ ಹೊಂದಿಕೊಳ್ಳುತ್ತವೆ. “ಆರಂಟ್ ಯು ಓಪನ್ ಟುಮಾರೋ?” ಎಂಬುದಕ್ಕೆ ಬರಿಯ ‘ಯೆಸ್’ ಎಂದರೆ ಪ್ರವಾಸಿಗರು ಮರುದಿನ ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುತ್ತಾರೆ. ಈ ನಿಯಮವನ್ನು ವಿವರಿಸುವುದಕ್ಕಿಂತ ಅದರಿಂದ ತಪ್ಪಿಸಿಕೊಳ್ಳಲು ಕಲಿಸುವುದು ಹೆಚ್ಚು ಫಲಕಾರಿ: ‘ಯೆಸ್’, ‘ನೋ’ಗಳಿಂದ ಆರಂಭಿಸದೆ ಸ್ಥಿತಿಯನ್ನೇ ಹೇಳುವುದು, ಅಂದರೆ “ವಿ ಆರ್ ಕ್ಲೋಸ್ಡ್ ಟುಮಾರೋ.”

4.5 ಧಾಟಿ ಮತ್ತು ಸಂಖ್ಯೆ

ಗಂಪರ್ಜ್ (1982) ದಾಖಲಿಸಿದ ಬ್ರಿಟನ್ನಿನ ವಿಮಾನನಿಲ್ದಾಣವೊಂದರ ಉಪಾಹಾರಗೃಹದ ಪ್ರಸಂಗ ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ ಪೂರ್ವನಿದರ್ಶನ. ಹೊಸದಾಗಿ ಸೇರಿದ ಭಾರತ ಮತ್ತು ಪಾಕಿಸ್ತಾನ ಮೂಲದ ಮಹಿಳೆಯರು ಮಾಂಸದೊಡನೆ ‘ಗ್ರೇವಿ’ ಬೇಕೇ ಎಂದು ಕೇಳುವಾಗ ಆ ಒಂದೇ ಪದವನ್ನು ಇಳಿಧಾಟಿಯಲ್ಲಿ ಹೇಳುತ್ತಿದ್ದರು. ಬ್ರಿಟಿಷ್ ನೌಕರರು ಏರುಧಾಟಿಯಲ್ಲಿ ಹೇಳುತ್ತಿದ್ದರು. ಇಳಿಧಾಟಿಯ ‘ಗ್ರೇವಿ’ ಬ್ರಿಟಿಷರ ಕಿವಿಗೆ ಪ್ರಶ್ನೆಯಾಗಿರದೆ ಘೋಷಣೆಯಾಗಿತ್ತು. ಆ ಮಹಿಳೆಯರು ಒರಟರೆಂಬ ಅಭಿಪ್ರಾಯ ಬೆಳೆದಿತ್ತು. ಎರಡೂ ಗುಂಪುಗಳನ್ನು ಕೂರಿಸಿ ಧ್ವನಿಮುದ್ರಣ ಕೇಳಿಸಿದಾಗ ತಮ್ಮನ್ನು ಏಕೆ ತಪ್ಪು ತಿಳಿಯಲಾಗುತ್ತಿತ್ತೆಂಬುದು ಆ ಮಹಿಳೆಯರಿಗೆ ಅರ್ಥವಾಯಿತು. ಕನ್ನಡ ಪ್ರಶ್ನೆಯನ್ನು ಧಾಟಿಗಿಂತ ಹೆಚ್ಚಾಗಿ ‘ಆ’ ಎಂಬ ಪ್ರತ್ಯಯದಿಂದ ಗುರುತಿಸುತ್ತದೆ: ಟೀ ಬೇಕಾ, ಕಾಫಿನಾ. ಪ್ರತ್ಯಯ ಹೋದಲ್ಲಿ ಧಾಟಿ ಅದರ ಜಾಗಕ್ಕೆ ಬರಬೇಕೆಂಬುದನ್ನು ಹೇಳಿಕೊಡಬೇಕಾಗುತ್ತದೆ.

ಉಚ್ಚಾರಣೆಯಲ್ಲಿ ತಿದ್ದಬೇಕಾದುದು ನಾವು ಭಾವಿಸುವುದಕ್ಕಿಂತ ಕಡಿಮೆ. ಇಂಗ್ಲಿಷನ್ನು ಪರಭಾಷೆಯಾಗಿ ಬಳಸುವವರ ನಡುವಿನ ಸಂವಹನವನ್ನು ಪರಿಶೀಲಿಸಿದ ಜೆನಿಫರ್ ಜೆಂಕಿನ್ಸ್ (2000), ‘ಥಿಂಕ್’, ‘ದಿಸ್’ಗಳ ಆದಿಧ್ವನಿಗಳಿಗೆ ಬದಲಿ ಬಳಸಿದರೆ ಅರ್ಥಕ್ಕೆ ತೊಂದರೆಯಿಲ್ಲವೆಂದೂ ಸ್ವರಗಳ ಹ್ರಸ್ವ–ದೀರ್ಘ ಭೇದ ಮುಖ್ಯವೆಂದೂ ಹೇಳುತ್ತಾರೆ. ಎರಡೂ ಕನ್ನಡಿಗರಿಗೆ ಅನುಕೂಲಕರ. ನಿಜವಾದ ಅಪಾಯವಿರುವುದು ಸಂಖ್ಯೆಗಳಲ್ಲಿ. ಥರ್ಟೀನ್–ಥರ್ಟಿ, ಫಿಫ್ಟೀನ್–ಫಿಫ್ಟಿ ಜೋಡಿಗಳನ್ನು ಇಂಗ್ಲಿಷ್ ಮಾತೃಭಾಷಿಕರು ಸ್ವರಭಾರದ ನೆರವಿನಿಂದಲೂ ಗುರುತಿಸುತ್ತಾರೆ. ಪದದಲ್ಲಿನ ಸ್ವರಭಾರ ಕನ್ನಡದಲ್ಲಿ ಅರ್ಥಭೇದಕವಲ್ಲ. ತೆಪ್ಪದ ಬಾಡಿಗೆಯನ್ನು ಹೇಳುವಾಗ 115 ಎಂದದ್ದು 150 ಎಂದು ಕೇಳಿಸಿದರೆ, ಅಥವಾ ಅದಕ್ಕೆ ವಿರುದ್ಧವಾದರೆ, ಅದು ಧ್ವನಿವಿಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಮೋಸದ ಆರೋಪವಾಗುತ್ತದೆ. ‘ಒನ್ ಒನ್ ಫೈವ್’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವ ಅಭ್ಯಾಸ, ಮೊಬೈಲಿನಲ್ಲಿ ಅಂಕಿ ಬರೆದು ತೋರಿಸುವ ಅಭ್ಯಾಸ, ಇವು ಸ್ವರಭಾರದ ಪಾಠಕ್ಕಿಂತ ಬೇಗ ನೆರವಿಗೆ ಬರುತ್ತವೆ.

5. ಯಾರ ಕಿವಿಗೆ ಒರಟು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಂಪಿಗೆ ಬರುವವರಲ್ಲಿ ಬಹುಪಾಲು ಭಾರತೀಯರು; ವಿದೇಶಿಯರಲ್ಲಿಯೂ ಅನೇಕರಿಗೆ ಇಂಗ್ಲಿಷ್ ಮನೆಮಾತಲ್ಲ. ಕೊಲ್ಕತ್ತದಿಂದಲೋ ಪುಣೆಯಿಂದಲೋ ಬಂದ ಪ್ರವಾಸಿಗೆ “ವಾಟ್ ಯು ವಾಂಟ್ ಸರ್?” ಎಂಬುದು ಒರಟಾಗಿ ಕೇಳಿಸದಿರಬಹುದು. ಅವರ ಭಾಷೆಯ ಚೌಕಟ್ಟೂ ಇಂತಹದ್ದೇ ಆಗಿರುವುದರಿಂದ ಅವರು ಆ ವಾಕ್ಯದ ಹಿಂದಿನ ಗೌರವವನ್ನು ತಾವೇ ತುಂಬಿಕೊಳ್ಳುತ್ತಾರೆ. ಬ್ರಜ್ ಕಛ್ರು (1983) ವಿವರಿಸಿದ ಇಂಗ್ಲಿಷಿನ ಭಾರತೀಕರಣ ಪದಗಳಲ್ಲಷ್ಟೇ ಅಲ್ಲ, ವಿನಯದ ರೂಪಗಳಲ್ಲಿಯೂ ನಡೆದಿದೆ. ಆದ್ದರಿಂದ ‘ವಾಟ್ ಯು ವಾಂಟ್ ಸರ್’ ಎಂಬುದನ್ನು ತಪ್ಪೆಂದು ಅಳಿಸಿಹಾಕುವುದು ಶಾಸ್ತ್ರೀಯವಾಗಿಯೂ ಸರಿಯಲ್ಲ, ವ್ಯಾವಹಾರಿಕವಾಗಿಯೂ ಸರಿಯಲ್ಲ. ಅದು ಒಂದು ಶ್ರೋತೃವರ್ಗಕ್ಕೆ ಹೊಂದುವ ಮಾತು. ಬೋಧನೆಯ ಉದ್ದೇಶ ಅದರ ಪಕ್ಕದಲ್ಲಿ ಇನ್ನೊಂದನ್ನು ಇರಿಸುವುದು. ‘ನೀನು’, ‘ನೀವು’, ‘ತಾವು’ಗಳ ನಡುವೆ ಕೇಳುಗರನ್ನು ನೋಡಿ ಆಯ್ಕೆ ಮಾಡಿಕೊಳ್ಳುವವರಿಗೆ ಈ ಆಯ್ಕೆಯೂ ಕಷ್ಟವಾಗಲಾರದು.

6. ಬೋಧನೆಯ ಕ್ರಮ

ಮಾರುಕಟ್ಟೆಯಲ್ಲಿ ದೊರೆಯುವ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಕಾಲಗಳ ಪಟ್ಟಿಯಿಂದ ತೊಡಗುತ್ತವೆ. ಹಚಿನ್ಸನ್ ಮತ್ತು ವಾಟರ್ಸ್ (1987) ಮೊದಲಾದವರು ಒತ್ತಿಹೇಳಿದಂತೆ ಉದ್ಯೋಗಕ್ಕಾಗಿ ಕಲಿಸುವ ಭಾಷೆಯ ಪಠ್ಯಕ್ರಮ ಕಲಿಯುವವರ ಅಗತ್ಯದಿಂದ ಹುಟ್ಟಬೇಕು. ಮೇಲಿನ ವಿಶ್ಲೇಷಣೆಯ ಆಧಾರದಲ್ಲಿ ಮೂರು ಹಂತಗಳ ಅಭ್ಯಾಸವೊಂದನ್ನು ಸೂಚಿಸಬಹುದು.

ಮೊದಲ ಹಂತದಲ್ಲಿ ಕಲಿಯುವವರು ತಮ್ಮ ಕೆಲಸದಲ್ಲಿ ಬರುವ ಮಾತನ್ನು ತಮ್ಮದೇ ಕನ್ನಡದಲ್ಲಿ ಹೇಳುತ್ತಾರೆ, ಗ್ರಂಥಸ್ಥ ಕನ್ನಡದಲ್ಲಲ್ಲ. ಎರಡನೆಯ ಹಂತದಲ್ಲಿ ಆ ಮಾತಿನಿಂದ ಗೌರವವನ್ನು ತೆಗೆದು ನೋಡುತ್ತಾರೆ. ‘ಸ್ವಲ್ಪ ಕೂತ್ಕೋರ್ರಿ’ ಎಂಬುದು ‘ಕೂತ್ಕೋ’ ಆಗುತ್ತದೆ. ಏನನ್ನು ತೆಗೆದೆವೋ ಅದೇ ಗೌರವವಿದ್ದ ಜಾಗ. ಮೂರನೆಯ ಹಂತದಲ್ಲಿ ಬೋಧಕರು ಇಂಗ್ಲಿಷಿನ ವಾಕ್ಯವನ್ನು ಕೊಟ್ಟು ಅಲ್ಲಿ ಆ ಕೆಲಸ ಎಲ್ಲಿ ನಡೆದಿದೆಯೆಂದು ಹುಡುಕಿಸುತ್ತಾರೆ. ಆರಂಭಕ್ಕೆ ಕೆಲವೇ ಸಂದರ್ಭಗಳು ಸಾಕು:

ವಿಚಾರಿಸುವುದು: ಏನು ಬೇಕಾಗಿತ್ರೀ? – ಹೌ ಕ್ಯಾನ್ ಐ ಹೆಲ್ಪ್ ಯು?
ಕಾಯಿಸುವುದು: ಸ್ವಲ್ಪ ಕೂತ್ಕೋರ್ರಿ – ಪ್ಲೀಸ್ ಹ್ಯಾವ್ ಎ ಸೀಟ್.
ಇಲ್ಲವೆನ್ನುವುದು: ರೂಮಿಲ್ರೀ – ಐ ಆಮ್ ಅಫ್ರೇಡ್ ವಿ ಆರ್ ಫುಲ್.
ತಡೆಯುವುದು: ಒಳಗ ಬಿಡಂಗಿಲ್ರೀ – ಸಾರಿ, ಎಂಟ್ರಿ ಈಸ್ ನಾಟ್ ಅಲೌಡ್.
ಮತ್ತೆ ಕೇಳುವುದು: ತಿಳೀಲಿಲ್ರೀ, ಇನ್ನೊಮ್ಮೆ ಹೇಳ್ರಿ – ಸಾರಿ, ಕುಡ್ ಯು ಸೇ ದಟ್ ಅಗೇನ್?

ಕೊನೆಯದು ಎಲ್ಲಕ್ಕಿಂತ ಮುಖ್ಯ. ಅರ್ಥವಾಗದಿದ್ದಾಗ ತಲೆಯಾಡಿಸಿ ಸುಮ್ಮನಾಗುವುದೇ ಅನೇಕ ತಪ್ಪು ತಿಳಿವಳಿಕೆಗಳ ಮೂಲ. ಮತ್ತೆ ಕೇಳುವ ಒಂದು ವಾಕ್ಯ ಬಾಯಿಗೆ ಬಂದರೆ ಉಳಿದದ್ದನ್ನು ಕೆಲಸವೇ ಕಲಿಸುತ್ತದೆ.

ಇಡಿಯಾದ ವಾಕ್ಯಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಒಂದು ಮಿತಿಯಿದೆ: ಅನಿರೀಕ್ಷಿತ ಪ್ರಶ್ನೆ ಬಂದಾಗ ಅವು ಕೈಕೊಡುತ್ತವೆ. ಇಲ್ಲಿ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದ, ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನಾದ್ಯಂತ ಹೆಸರಾದ ಪ್ರಯೋಗ ನೆರವಾಗುತ್ತದೆ. ಗಮನವು ರೂಪದ ಮೇಲಲ್ಲದೆ ಅರ್ಥದ ಮೇಲಿದ್ದಾಗ ಭಾಷೆ ಉತ್ತಮವಾಗಿ ನೆಲೆಗೊಳ್ಳುತ್ತದೆ ಎಂಬುದು ಪ್ರಭು (1987) ಅವರ ನಿಲುವು. ವೇಳಾಪಟ್ಟಿ, ನಕ್ಷೆಗಳನ್ನು ಮುಂದಿಟ್ಟು ತರ್ಕಿಸಿ ಉತ್ತರಿಸುವ ಚಟುವಟಿಕೆಗಳನ್ನು ಅವರು ಬಳಸಿದರು. ಅವರ ಕಲಿಕಾರ್ಥಿಗಳು ಮಕ್ಕಳು; ಆದರೆ ವಯಸ್ಕರಿಗೆ ಅಂತಹ ಚಟುವಟಿಕೆಗಳನ್ನು ಕೃತಕವಾಗಿ ಹೊಸೆಯಬೇಕಿಲ್ಲ, ಅವರ ದಿನಚರಿಯೇ ಅವುಗಳಿಂದ ತುಂಬಿದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗುವುದುಂಟು. ಸಂಜೆಯೊಳಗೆ ಗಂಗಾವತಿ ತಲುಪಬೇಕೆನ್ನುವ ಪ್ರವಾಸಿಗೆ ನೇರ ದಾರಿ ಏಕಿಲ್ಲ, ಸುತ್ತುದಾರಿಗೆ ಎಷ್ಟು ಹೊತ್ತು, ಎಷ್ಟು ಬಾಡಿಗೆ ಎಂದು ವಿವರಿಸುವುದು ತರ್ಕವನ್ನೂ ವಿನಯವನ್ನೂ ಒಟ್ಟಿಗೆ ಬೇಡುವ ಚಟುವಟಿಕೆ.

ಲಿಪಿಯ ಬಗ್ಗೆಯೂ ಒಂದು ಮಾತು. ಮಾತುಗಾರಿಕೆಯ ತರಗತಿಯಲ್ಲಿ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ಬೋಧಕರು ನಿರುತ್ಸಾಹಗೊಳಿಸುತ್ತಾರೆ. ರೋಮನ್ ಕಾಗುಣಿತದ ಅನಿಶ್ಚಿತತೆಗೆ ಹೋಲಿಸಿದರೆ ಸ್ವರದೈರ್ಘ್ಯವನ್ನು ತಪ್ಪದೆ ಸೂಚಿಸುವ ಕನ್ನಡ ಲಿಪಿ ಉತ್ತಮ ಸಾಧನ. ಫ಼, ಜ಼ಗಳಿಗೆ ಚುಕ್ಕೆಯಿಡುವ ಪದ್ಧತಿ ಈಗಾಗಲೇ ಇದೆ. ಓದುಬರಹ ಅಲ್ಪವಾಗಿರುವ ವಯಸ್ಕರಿಗೆ ಎರಡು ಹೊಸ ವ್ಯವಸ್ಥೆಗಳನ್ನು ಒಮ್ಮೆಲೇ ಹೇರುವುದರಿಂದ ಮಾತು ಹಿಂದೆ ಬೀಳುತ್ತದೆ.

7. ಒಂದು ಆಕ್ಷೇಪ

ಇವೆಲ್ಲ ಕೆಲಸಗಾರರಿಗೆ ಕೈಮುಗಿದು ನಿಲ್ಲುವುದನ್ನು ಕಲಿಸುವ ವಿದ್ಯೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. ಸೇವಾ ಉದ್ಯಮವು ಕೆಲಸಗಾರರ ಮಾತನ್ನು ಮುಂಚಿತವಾಗಿಯೇ ಬರೆದಿಟ್ಟು ಆಡಿಸುವ ಪ್ರವೃತ್ತಿಯನ್ನು ಡೆಬೊರಾ ಕ್ಯಾಮರನ್ (2000) ಟೀಕಿಸಿದ್ದಾರೆ. ಇದಕ್ಕೆ ಉತ್ತರ ವಿನಯವನ್ನು ಕೈಬಿಡುವುದಲ್ಲ. ವಿನಯದ ಇನ್ನೊಂದು ಮುಖವನ್ನು ಮರೆಯದಿರುವುದು. ಕನ್ನಡದಲ್ಲಿ ‘ಇಲ್ರೀ’ ಎನ್ನುವವರು ಗೌರವ ಕೊಟ್ಟೂ ನಿರಾಕರಿಸುತ್ತಾರೆ. ಚೌಕಾಸಿಗೆ ಮಣಿಯದಿರುವುದು, ಅನುಚಿತ ಬೇಡಿಕೆಯನ್ನು ತಳ್ಳಿಹಾಕುವುದು, ಮೇಲಧಿಕಾರಿಗೆ ತಮ್ಮ ಪಕ್ಷವನ್ನು ವಿವರಿಸುವುದು, ಇವೂ ಉದ್ಯೋಗದ ಮಾತುಗಳೇ. ಕಸೂತಿ ಮಾರುವ ಲಂಬಾಣಿ ಮಹಿಳೆಯೊಬ್ಬರಿಗೆ “ವುಡ್ ಯು ಲೈಕ್ ಟು ಸೀ ಮೋರ್?” ಎಂಬುದರಷ್ಟೇ “ಸಾರಿ, ದಟ್ ಈಸ್ ದಿ ಪ್ರೈಸ್” ಎಂಬುದೂ ಅಗತ್ಯ. ನಿರಾಕರಣೆಯ ರೂಪಗಳಿಲ್ಲದ ವಿನಯದ ಪಾಠ ಅಪೂರ್ಣ.

8. ಉಪಸಂಹಾರ

ಕನ್ನಡ ಗೌರವವನ್ನು ಪ್ರತ್ಯಯಗಳಲ್ಲಿಟ್ಟಿದೆ. ಅಂತಹ ಪ್ರತ್ಯಯಗಳಿಲ್ಲದ ಭಾಷೆಗೆ ಪದಗಳನ್ನಷ್ಟೇ ಒಯ್ದಾಗ ಗೌರವ ಹಿಂದೆ ಉಳಿಯುತ್ತದೆ. ಈ ಭಾಗದ ಕಲಿಕಾರ್ಥಿಗಳ ತೊಡಕು ಭಾಷಾಸಾಮರ್ಥ್ಯದ ಕೊರತೆಯಿಂದ ಬಂದುದಲ್ಲ, ನೆರೆಯ ಭಾಷೆಗಳೊಡನೆ ಪಳಗಿದ ಸಾಮರ್ಥ್ಯದಿಂದಲೇ ಬಂದುದು ಎಂಬುದು ಈ ಲೇಖನದ ನಿಲುವು. ಇದನ್ನು ಪರೀಕ್ಷಿಸಲು ಕ್ಷೇತ್ರಕಾರ್ಯ ಆಗಬೇಕಿದೆ. ಒಬ್ಬನೇ ಕೆಲಸಗಾರ ಕನ್ನಡ, ತೆಲುಗು, ದಖನಿ ಮತ್ತು ಇಂಗ್ಲಿಷ್ ಮಾತನಾಡುವ ಗ್ರಾಹಕರೊಡನೆ ಒಂದೇ ವ್ಯವಹಾರವನ್ನು ನಡೆಸುವುದನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಹೋಲಿಸಿದರೆ, ಚೌಕಟ್ಟಿನ ಪಲ್ಲಟ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ತಿಳಿಯುತ್ತದೆ. ‘ಬೇಕಿತ್ತು’, ‘ಅಂಗಿಲ್ಲ’, ‘ರೀ’ಗಳ ಬಳಕೆಯ ವಿವರವಾದ ವರ್ಣನೆ ಕನ್ನಡ ವ್ಯಾಕರಣಕ್ಕೂ ಬೇಕಾದುದು. ಸಂಶೋಧನ ವಿದ್ಯಾರ್ಥಿಗಳು ಆ ವರ್ಣನೆಯನ್ನು ಹೊಸಪೇಟೆಯ ಬಸ್ ನಿಲ್ದಾಣದಿಂದಲೇ ಆರಂಭಿಸಬಹುದು.